ಗದಿಗೆಪ್ಪನವರು ಮಾಡಿಸಿದ ಆಣೆ

ಆಷಾಢದ ಗಾಳಿ ಪೀಣ್ಯದ ತಗಡಿನ ಛಾವಣಿಗಳನ್ನು ಅಲುಗಿಸುತ್ತಿದೆ. ಲೋಹದ ಹಾಳೆ ಒತ್ತುವ ಬೆಳಗಿನ ಪಾಳಿಯ ಪ್ರೆಸ್ಸುಗಳು ಆರು ಗಂಟೆಗೇ ಕುಟ್ಟತೊಡಗಿವೆ. ಗೇಟಿನ ಪಕ್ಕದ ಟೈಮ್ ಆಫೀಸಿನಲ್ಲಿ ಶ್ರೀ ಗದಿಗೆಪ್ಪನವರು ಎಂದಿನಂತೆ ನಿಂತೇ ಹಾಜರಿ ನೋಡುತ್ತಿದ್ದಾರೆ. ಈ ತಿಂಗಳ ಕೊನೆಗೆ ಅವರ ನಿವೃತ್ತಿ. ಕೆಲಸಕ್ಕೆ ಬಾರದವನ ಸಂಬಳ ಹಿಡಿಯುವ ಟೈಮ್ ಕೀಪರುಗಳು ಈ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ. ಬಾರದವನ ಬಾಡಿಗೆ ಕೋಣೆಯನ್ನು ಹುಡುಕಿಕೊಂಡು ಹೋಗಿ ಬಾಗಿಲು ತಟ್ಟಿದವರು ನಮಗೆ ತಿಳಿದಂತೆ ಇವರೊಬ್ಬರೇ.

ರೋಣದ ಕಡೆಯಿಂದ ಮೂವತ್ತೊಂದು ವರ್ಷದ ಹಿಂದೆ ಹೆಲ್ಪರ್ ಆಗಿ ಬಂದ ಅವರು, ಓದು ಬಾರದವರ ಇಎಸ್ಐ ವಿಮೆಯ ಕಾಗದಗಳನ್ನು ತುಂಬುತ್ತ ತುಂಬುತ್ತಲೇ ಟೈಮ್ ಆಫೀಸಿನ ಕುರ್ಚಿಗೆ ಬಂದರು. ಪ್ರೆಸ್ಸಿಗೆ ಮೂರು ಬೆರಳು ಕೊಟ್ಟ ಮುರಿಗೆಪ್ಪನ ಗಾಯ ಮಾಯುವವರೆಗೆ ಪ್ರತಿ ಮಧ್ಯಾಹ್ನ ಅವನ ಊಟದ ಡಬ್ಬಿಯ ಮುಚ್ಚಳ ತೆಗೆದುಕೊಟ್ಟವರು ಇವರು. ಇಂಥವನ್ನೇ ಬರೆದರೆ ಈ ಪುಟಗಳು ಸಾಲವು. ಆದರೆ ನಿವೃತ್ತಿಯ ನೆನಪಿಗೆ ಈ ಅಭಿನಂದನ ಸಂಪುಟದ ಮಾತು ತೆಗೆದ ದಿನವೇ ಅವರು ಷರತ್ತು ಹಾಕಿದರು: “ಹೊಗಳೂದಿದ್ರ ಹೊಗಳ್ರಿ. ಭರಮಪ್ಪನ ಸುದ್ದೀನೂ ಬರೀರಿ. ಇಲ್ಲಂದ್ರ ಪುಸ್ತಕಾನ ಬ್ಯಾಡ.”

ಭರಮಪ್ಪ ಅವರ ಕಡೆಯವನೇ, ಪ್ರೆಸ್ ಆಪರೇಟರ್. ಮೂರು ವರ್ಷದ ಹಿಂದೆ ಬೆಳಗಿನ ಪಾಳಿಗೆ ಬಂದವನ ಕೈ ನಡುಗುತ್ತಿದ್ದುದನ್ನು ಕಂಡು ಗದಿಗೆಪ್ಪನವರು ಅವನನ್ನು ಮಷೀನಿನಿಂದ ಎಬ್ಬಿಸಿದರು. ಇಎಸ್ಐ ವೈದ್ಯರು ಮಾತ್ರೆ ಕೊಟ್ಟು, ಕುಡಿತ ಬಿಟ್ಟವರ ಜೊತೆ ವಾರಕ್ಕೊಮ್ಮೆ ಕೂರದಿದ್ದರೆ ಇದು ನಿಲ್ಲದೆಂದು ಹೇಳಿ, ಬಾಗಲಗುಂಟೆಯ ಒಂದು ಕೂಟದ ಫೋನ್ ನಂಬರು ಬರೆದುಕೊಟ್ಟರು. ಆ ನಂಬರಿಗೆ ಕರೆ ಹೋಗುತ್ತಿರಲಿಲ್ಲ. ಗದಿಗೆಪ್ಪನವರು ಭರಮಪ್ಪನನ್ನು ಕರೆದುಕೊಂಡು ಮೂರು ಭಾನುವಾರ ಅಡ್ಡರಸ್ತೆಗಳನ್ನು ಅಲೆದರು.

“ಕುಡಿಯೂದು ಬಿಟ್ಟೋರು ಕೂಡ್ತಾರಲ್ರೀ, ಅದೆಲ್ಲೈತ್ರೀ?” ಎಂದು ಬೇಕರಿಯವನನ್ನು ಕೇಳಿದರೆ, “ಬಿಟ್ಟೋರು ಗೊತ್ತಿಲ್ಲ ಅಣ್ಣ. ಕುಡಿಯೋರು ಕೂರೋದು ಎದುರಿಗೇ” ಎಂದು ಬಾರಿನತ್ತ ಕೈ ತೋರಿಸಿದ. ಭರಮಪ್ಪ ನಕ್ಕ. “ನೋಡ್ರಿ, ಇದರ ವಿಳಾಸ ಎಲ್ಲಾರಿಗೂ ಗೊತ್ತೈತಿ.”

ಮೂರನೆಯ ವಾರ ಟ್ಯೂಷನ್ ಕ್ಲಾಸೊಂದರ ಮಾಳಿಗೆಯಲ್ಲಿ ಕೂಟ ಸಿಕ್ಕಿತು. ಬೋರ್ಡಿರಲಿಲ್ಲ; ಹನ್ನೆರಡು ಪ್ಲಾಸ್ಟಿಕ್ ಕುರ್ಚಿಗಳು, ಒಂದು ಚಹಾ ಫ್ಲಾಸ್ಕು. ಕೂಟ ನಡೆಸುತ್ತಿದ್ದ ಆಟೋ ಚಾಲಕ ಪರಮಾನಂದ, “ಇವತ್ತೊಂದಿನ ಕುಡೀದಿದ್ರೆ ಸಾಕು ಗುರು. ನಾಳೇದು ನಾಳೆ” ಎಂದು ಕುರ್ಚಿ ಎಳೆದುಕೊಟ್ಟರು.

ಹನ್ನೊಂದು ಭಾನುವಾರ ಭರಮಪ್ಪ ತಪ್ಪಲಿಲ್ಲ. ಕೈಯ ನಡುಕ ನಿಂತಿತು, ಮಷೀನು ಮರಳಿ ಸಿಕ್ಕಿತು. ಆ ಸಂತೋಷದಲ್ಲೇ ಗದಿಗೆಪ್ಪನವರ ಕೈಯಿಂದ ಆಗಬಾರದ್ದು ಆಯಿತು. ಆಯುಧಪೂಜೆಯ ದಿನ, ಬಾಳೆಕಂಬ ಕಟ್ಟಿದ ಪ್ರೆಸ್ಸಿನ ಮುಂದೆ, ಎಲ್ಲ ಕಾರ್ಮಿಕರೂ ನೋಡುತ್ತಿರುವಾಗ, ಊರ ಮೈಲಾರಲಿಂಗನ ಭಂಡಾರದ ಅರಿಸಿನವನ್ನು ಭರಮಪ್ಪನ ಅಂಗೈಗೆ ಸುರಿದು, ಇನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿದರು. ಅವರ ಕಡೆ ಹಿರಿಯರು ಮಾಡುವುದೇ ಹಾಗೆ. ಭರಮಪ್ಪನೂ ಹಿಂದೆ ಮುಂದೆ ನೋಡದೆ ಹೇಳಿದ.

ದೀಪಾವಳಿಯ ಮಾರನೆಯ ದಿನ ಅವನು ಕುಡಿದ. ಆ ಭಾನುವಾರ ಕೂಟಕ್ಕೆ ಬರಲಿಲ್ಲ, ಕೆಲಸಕ್ಕೂ ಬರಲಿಲ್ಲ. ಹುಡುಕಿಕೊಂಡು ಹೋದ ಗದಿಗೆಪ್ಪನವರಿಗೆ ಮೂರು ಸಲವೂ ಕೋಣೆಯ ಬೀಗವೇ ಎದುರಾಯಿತು. ವಿಷಯ ತಿಳಿದ ಪರಮಾನಂದ, “ಯಾಕ್ ಸಾರ್ ಆಣೆ ಮಾಡ್ಸಕ್ಕೆ ಹೋದ್ರಿ? ನಾನೇ ನಾಲ್ಕು ಸಲ ಜಾರಿದೀನಿ. ಜಾರಿದೋನು ಮುಂದಿನ ವಾರ ಬಂದು ಕೂತ್ಕೋತಾನೆ. ಆಣೆ ಮುರಿದೋನು ಎಲ್ಲಿಗ್ ಬರ್ತಾನೆ ಹೇಳಿ” ಎಂದರು.

ಕಾರ್ತಿಕ ಮುಗಿಯುವ ಮೊದಲೇ, ಕುಡಿತ ನಿಲ್ಲಿಸಲಾಗದೆ, ಭರಮಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡ. ಅವನ ಹೆಂಡತಿ ದುರ್ಗವ್ವ, ಶವಾಗಾರದ ಹೊರಗೆ ನಿಂತಿದ್ದ ಗದಿಗೆಪ್ಪನವರಿಗೆ ಹೇಳಿದ ಮಾತು ಇಷ್ಟು: “ನೀವು ಬಂದಾಗೆಲ್ಲಾ ಹೊರಗ ಬೀಗ ಹಾಕ್ಸಿ ಒಳಗ ಕುಂತಿರತಿದ್ರು. ಭಂಡಾರ ಮುಟ್ಟೀನಿ, ಯಾವ ಮಾರಿ ತೋರಿಸ್ಲಿ ಅಂತಿದ್ರು.”

ಅಂದಿನಿಂದ ಇಂದಿನವರೆಗೆ ಒಂದು ಭಾನುವಾರವೂ ಬಿಡದೆ ಗದಿಗೆಪ್ಪನವರು ಆ ಮಾಳಿಗೆಯ ಕಸ ಗುಡಿಸಿ, ಕುರ್ಚಿ ಹಾಕಿ, ಚಹಾ ತುಂಬಿಸುತ್ತ ಬಂದಿದ್ದಾರೆ. ಎರಡನೆಯ ಪಾಳಿಯವರಿಗಾಗಿ ರಾಜಗೋಪಾಲನಗರದಲ್ಲಿ ಬುಧವಾರ ಬೆಳಗಿನ ಕೂಟವೊಂದು ಅವರ ಓಡಾಟದಿಂದಲೇ ನಡೆಯುತ್ತಿದೆ. ಗಂಡನನ್ನೋ ಮಗನನ್ನೋ ಕರೆತಂದು ದೇವರ ಫೋಟೋ ಮುಂದೆ ಆಣೆಗೆ ನಿಲ್ಲಿಸಲು ಹೊರಟವರನ್ನು ಅವರೇ ತಡೆಯುತ್ತಾರೆ: “ಬ್ಯಾಡ ತಾಯಿ. ಅದನ್ನ ನಾ ಮಾಡಿ ನೋಡೀನಿ.”

ಈ ಲೇಖನಕ್ಕೆಂದು ದುರ್ಗವ್ವನನ್ನು ಕಂಡಾಗ ಆಕೆ ಸಿದ್ಧ ಉಡುಪಿನ ಕಾರ್ಖಾನೆಯ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದರು. ಗದಿಗೆಪ್ಪನವರು ತಮ್ಮ ತಪ್ಪನ್ನು ಪುಸ್ತಕದಲ್ಲಿ ಹಾಕಿಸುತ್ತಿದ್ದಾರೆಂದು ತಿಳಿಸಿದೆವು.

“ಚಲೋ ಮನಶ್ಯಾರ ಅವ್ರು, ಅದನ್ನ ಬರಕೋರಿ,” ಎಂದರು ಆಕೆ. “ಆದ್ರ ಪುಸ್ತಕದಾಗ ಹಾಕಿದ್ರ ನನಗೇನು ತಿಳೀತೈತ್ರಿ? ಓದಾಕ ಬರೂದಿಲ್ಲ. ಮೂರು ವರ್ಷ ಆತು, ಅವ್ರು ನನ್ನ ಮುಂದ ಕುಂತು ಒಂದು ಮಾತು ಆಡಿಲ್ಲ.”

ಗದಿಗೆಪ್ಪನವರಿಗೆ ಇದನ್ನು ಮುಟ್ಟಿಸಿದ್ದೇವೆ. ಅವರು ಕೇಳಿಸಿಕೊಂಡು, ಹಾಜರಿಯ ಪುಸ್ತಕ ತೆರೆದರು. ನಾಡಿನ ದುಡಿಯುವ ಜನಕ್ಕೆ ಬೇಕಾದ ಈ ಹಿರಿಯರಿಗೆ ಗಟ್ಟಿಯಾದ ಮೈಯೂ ದೀರ್ಘವಾದ ಆಯುಷ್ಯವೂ ಇರಲಿ, ಭಾನುವಾರದ ಕುರ್ಚಿಗಳು ಅವರ ಕೈಯಿಂದಲೇ ಸಾಲುಗೊಳ್ಳಲಿ. ಆ ಆಯುಷ್ಯದ ಯಾವುದಾದರೊಂದು ಸಂಜೆ ದುರ್ಗವ್ವನ ಕೋಣೆಯ ಬಾಗಿಲವರೆಗೆ ನಡೆಯುವ ಶಕ್ತಿಯೂ ಅವರಿಗೆ ಬರಲಿ.