ದೊಡ್ಡವ್ವ ಕತ್ತರಿ ಕಲಿತದ್ದು

ಹೊಸ ಜೀನ್ಸ್ ಬಟ್ಟೆಯ ಥಾನು ಬಿಚ್ಚಿದಾಗ ಒಂದು ವಾಸನೆ ಏಳುತ್ತದೆ. ಒಗೆದು ಇಸ್ತ್ರಿ ಮಾಡಿ ಅಂಗಡಿಯಲ್ಲಿ ನೇತುಹಾಕಿದ ಪ್ಯಾಂಟಿನಲ್ಲಿ ಅದು ಉಳಿದಿರುವುದಿಲ್ಲ. ಗಂಜಿಯ ಹುಳಿ, ನೀಲಿ ಬಣ್ಣದ ಒಗರು, ಅದರ ಮೇಲೆ ಮಷೀನಿನ ಎಣ್ಣೆಯ ತೆಳ್ಳನೆಯ ಕಮಟು. ಹೋದ ತಿಂಗಳು ಬಳ್ಳಾರಿಯ ಕೌಲ್‌ಬಜಾರಿನ ಒಂದು ಓಣಿಯಲ್ಲಿ ನಡೆದುಹೋಗುವಾಗ ಯಾವುದೋ ಬಾಗಿಲಿನಿಂದ ಆ ವಾಸನೆ ಬಂತು. ನಾನು ಕೋಲು ಊರಿ ಅಲ್ಲೇ ನಿಂತೆ. ಒಳಗಿದ್ದ ಹೆಂಗಸೊಬ್ಬಳು ತಲೆಯೆತ್ತಿ, ‘ಯಾರು ಬೇಕಾಗಿತ್ರೀ?’ ಎಂದಳು. ನನಗೆ ಬೇಕಾಗಿದ್ದವಳ ಹೆಸರನ್ನು ಅವಳಿಗೆ ಹೇಳಿ ಪ್ರಯೋಜನವಿರಲಿಲ್ಲ. ನಿಮಗೂ ಅಂಥ ಒಂದು ಮನೆ ಇದ್ದಿರಬೇಕು, ಬಾಗಿಲು ಬಡಿದರೆ ಈಗ ಬೇರೆಯವರು ಬಂದು ತೆರೆಯುವಂಥದ್ದು.

ನನ್ನ ಆ ಮನೆ ಈರಮ್ಮ ದೊಡ್ಡವ್ವನದು. ದೊಡ್ಡವ್ವ ನನ್ನ ಅವ್ವನ ಅಕ್ಕ, ಕುರುಗೋಡಿನಲ್ಲಿ ಹುಟ್ಟಿ ಬಳ್ಳಾರಿಗೆ ಮದುವೆಯಾಗಿ ಬಂದವಳು. ನಾನು ಹೋಗುವ ಹೊತ್ತಿಗೆ ದೊಡ್ಡಪ್ಪ ತೀರಿಹೋಗಿ ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಮನೆಯ ಪಡಸಾಲೆಯಲ್ಲಿ ಐದು ಮಷೀನುಗಳು ಸಾಲಾಗಿ ಕೂತಿದ್ದವು. ದೊಡ್ಡವ್ವ ಮತ್ತು ಓಣಿಯ ನಾಲ್ವರು ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಪ್ಯಾಂಟು ಹೊಲಿಯುತ್ತಿದ್ದರು. ಆ ಮನೆಯಲ್ಲಿ ನೀಲಿ ಇಲ್ಲದ ಜಾಗವೇ ಇರಲಿಲ್ಲ. ಗೋಡೆಯ ಗೂಡಿನಲ್ಲಿ ನೀಲಿ ಧೂಳು, ದೊಡ್ಡವ್ವನ ಉಗುರಿನ ಸಂದಿಯಲ್ಲಿ ನೀಲಿ, ಮಧ್ಯಾಹ್ನ ರೊಟ್ಟಿ ಮುಗಿಸಿ ಮಜ್ಜಿಗೆ ಎತ್ತಿದರೆ ಅದರ ಮೇಲೂ ಒಂದು ನೀಲಿ ನಾರು ತೇಲುತ್ತಿತ್ತು. ಐದು ಮಷೀನು ಒಟ್ಟಿಗೆ ಓಡುವಾಗ ನೆಲ ಸಣ್ಣಗೆ ನಡುಗುತ್ತಿತ್ತು. ಆ ನಡುಕದಲ್ಲಿ ಪುಸ್ತಕ ಹಿಡಿದು ಓದುವುದು ನನಗೆ ಎಷ್ಟು ರೂಢಿಯಾಯಿತೆಂದರೆ ಭಾನುವಾರದ ನಿಶ್ಶಬ್ದದಲ್ಲಿ ಓದು ತಲೆಗೆ ಹತ್ತುತ್ತಿರಲಿಲ್ಲ.

ನನ್ನ ಊರು ಸಿರುಗುಪ್ಪ. ಅಪ್ಪ ಅಲ್ಲಿನ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಎರಡು ವರ್ಷದವಳಿದ್ದಾಗ ಬಂದ ಪೋಲಿಯೋ ನನ್ನ ಎಡಗಾಲನ್ನು ಸಣ್ಣ ಮಾಡಿತು. ಸೊಂಟದಿಂದ ಬೂಟಿನವರೆಗೆ ಎರಡು ಕಬ್ಬಿಣದ ಸಲಾಕೆ, ಚರ್ಮದ ಪಟ್ಟಿಗಳ ಕ್ಯಾಲಿಪರ್ ಕಟ್ಟಿಕೊಂಡೇ ನಾನು ನಡೆಯಬೇಕಾಗಿತ್ತು. ಮಂಡಿಯ ಹತ್ತಿರ ಎರಡೂ ಬದಿಗೆ ಒಂದೊಂದು ಉಂಗುರ. ಎದ್ದು ನಿಂತರೆ ಉಂಗುರ ಕೆಳಗೆ ಜಾರಿ ಕಾಲು ಮಡಚದಂತೆ ಬಿಗಿಯುತ್ತಿತ್ತು, ಕೂಡಬೇಕಾದರೆ ಅವೆರಡನ್ನೂ ಕೈಯಿಂದ ಮೇಲೆತ್ತಬೇಕು. ಲಂಗ ತೊಡುವಷ್ಟು ದಿನ ತೊಂದರೆಯಿರಲಿಲ್ಲ. ಆಸ್ಪತ್ರೆಗೂ ಹತ್ತಿರ, ಓದಿಗೂ ಅನುಕೂಲ ಎಂದು ಎಂಟನೆಯ ಇಯತ್ತೆಗೆ ನನ್ನನ್ನು ಬಳ್ಳಾರಿಗೆ ಕಳಿಸಿದರು. ಆ ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಚೂಡಿದಾರ, ಬಿಳಿಯ ಪ್ಯಾಂಟು. ಉಂಗುರ ಬಟ್ಟೆಯ ಒಳಗೆ ಹೋಯಿತು. ಬಟ್ಟೆಯ ಮೇಲಿಂದಲೇ ಹಿಡಿದು ಎತ್ತುತ್ತಿದ್ದೆ. ವಾರದೊಳಗೆ ಮಂಡಿಯ ಬಳಿ ಎಣ್ಣೆಯ ಕಲೆ, ಆಮೇಲೆ ತೂತು.

ಒಂದು ದಿನ ಗಣಿತದ ಮೇಷ್ಟ್ರು ಒಳಗೆ ಬಂದರು, ಎಲ್ಲರೂ ಎದ್ದು ನಿಂತು ಕೂತರು. ಹರಿದ ಬಟ್ಟೆ ಉಂಗುರಕ್ಕೆ ಸಿಕ್ಕಿಕೊಂಡಿತ್ತು, ನನಗೆ ಕೂಡಲಾಗಲಿಲ್ಲ. ‘ಯಾಕಮ್ಮ, ಕೂಡು’ ಎಂದರು ಮೇಷ್ಟ್ರು. ‘ಕೂಡಾಕ ಬರವಲ್ದ್ರೀ ಸರ್’ ಎಂದೆ. ಹಿಂದಿನ ಬೆಂಚಿನಿಂದ ನಗು ಕೇಳಿತು. ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಆ ಪೀರಿಯಡ್ಡು ಮುಗಿಯುವ ತನಕ ಗೋಡೆಗೆ ಒರಗಿ ನಿಂತೇ ಇದ್ದೆ. ಮನೆಗೆ ಬಂದು ಚೀಲ ಎಸೆದು, ‘ನಾ ಸಾಲಿಗೆ ಹೋಗಂಗಿಲ್ಲ ದೊಡ್ಡವ್ವ, ಸಿರುಗುಪ್ಪಕ್ಕ ಬಸ್ಸು ಹತ್ತಿಸಿಬಿಡು’ ಎಂದೆ. ದೊಡ್ಡವ್ವ ಮಷೀನು ನಿಲ್ಲಿಸಿದಳು. ನನ್ನನ್ನು ಸಮಾಧಾನ ಮಾಡಲಿಲ್ಲ. ನೆಲಕ್ಕೆ ಕೂತು ಪ್ಯಾಂಟಿನ ಹರುಕನ್ನೂ ಉಂಗುರವನ್ನೂ ಬಹಳ ಹೊತ್ತು ನೋಡಿದಳು. ‘ಒಂದ್ ಹದಿನೈದು ದಿನ ತಡೀ. ಅಷ್ಟರಾಗ ಆಗಲಿಲ್ಲಂದ್ರ ನಾನ ಬಸ್ ಹತ್ತಿಸತೀನಿ’ ಎಂದಳು.

ಅವಳಿಗೆ ಬರುತ್ತಿದ್ದದ್ದು ಹೊಲಿಗೆ ಮಾತ್ರ. ಅದರಲ್ಲೂ ಹನ್ನೊಂದು ವರ್ಷದಿಂದ ಪ್ಯಾಂಟಿನ ಪಕ್ಕದ ಹೊಲಿಗೆಯೊಂದನ್ನೇ ಹೊಲಿಯುತ್ತಿದ್ದಳು. ಬಟ್ಟೆ ಕತ್ತರಿಸುವವರು ಖಾಜಾ ಮಾಸ್ತರು. ಬಿಳಿ ಗಡ್ಡದ, ಮಿತಮಾತಿನ ಮನುಷ್ಯ. ದಿನಾ ಬೆಳಿಗ್ಗೆ ಬಂದು ಉದ್ದನೆಯ ಮೇಜಿನ ಮೇಲೆ ಥಾನು ಹಾಸಿ, ಸೀಮೆಸುಣ್ಣದಿಂದ ಗೆರೆ ಎಳೆದು ದೊಡ್ಡ ಕತ್ತರಿ ಆಡಿಸಿ ಹೋಗುತ್ತಿದ್ದರು. ಆ ಮೇಜನ್ನು ಹೆಂಗಸರು ಮುಟ್ಟುತ್ತಿರಲಿಲ್ಲ. ಮರುದಿನ ದೊಡ್ಡವ್ವ ಅವರೆದುರು ನಿಂತು, ‘ಮಾಸ್ತರ, ನನಗ ಕಟಿಂಗ್ ಕಲಿಸ್ರಿ’ ಎಂದಳು. ಮಾಸ್ತರು ತಲೆಯೆತ್ತಲಿಲ್ಲ. ‘ಹೊಲಿಗಿ ತಪ್ಪಿದ್ರ ಬಿಚ್ಚಬಹುದು ಈರಮ್ಮ. ಕತ್ತರಿ ತಪ್ಪಿದ್ರ ಕೂಡಸಾಕ ಬರಂಗಿಲ್ಲ. ನಿಮ್ಮ ಕೆಲಸ ನೀವು ಮಾಡ್ರಿ’ ಎಂದರು.

ಆ ಸಂಜೆ ದೊಡ್ಡವ್ವ ನನ್ನ ಹಳೆಯ ಪ್ಯಾಂಟಿನ ಎಲ್ಲ ಹೊಲಿಗೆಗಳನ್ನೂ ಬಿಚ್ಚಿದಳು. ತುಂಡುಗಳನ್ನು ಹಳೆಯ ಪೇಪರಿನ ಮೇಲಿಟ್ಟು ಸುತ್ತ ಗೆರೆ ಎಳೆದಳು. ಆಮೇಲೆ ನನ್ನ ಜಾಮಿಟ್ರಿ ಬಾಕ್ಸು ಕೇಳಿದಳು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು ಕೋನಮಾಪಕವನ್ನು ಅಂಗೈ ಮೇಲಿಟ್ಟುಕೊಂಡು, ‘ಇದೇನು ಅರ್ಧಾ ಹಪ್ಪಳ ಇದ್ದಂಗೈತಿ’ ಎಂದಳು. ನಾನು ಬಾಯಿಪಾಠ ಮಾಡಿದ್ದನ್ನೆಲ್ಲ ಒಪ್ಪಿಸಿದೆ. ‘ಅಲ್ಲಲೇ ಗಂಗೀ, ಪುಸ್ತಕದಾಗಿಂದು ಹೇಳಬ್ಯಾಡ. ತೊಡಿ ಅಗಲ, ಮಂಡಿ ಸಣ್ಣ. ಈ ಗೆರಿ ಎಲ್ಲಿಂದ ಬಾಗಬೇಕು, ಯಾಕ ಬಾಗಬೇಕು, ಅದನ್ನ ಹೇಳು’ ಎಂದಳು. ನನಗೆ ಏನೇನು ಗೊತ್ತಿಲ್ಲ ಎಂಬುದು ತಿಳಿದದ್ದು ಆವತ್ತೇ. ಮರುದಿನ ಶಾಲೆಗೆ ಹೋಗಲು ನನಗೆ ಕಾರಣ ಸಿಕ್ಕಿತ್ತು. ಮೇಷ್ಟ್ರನ್ನು ಕೇಳಿಕೊಂಡು ಬಂದು ದೊಡ್ಡವ್ವನಿಗೆ ಹೇಳಬೇಕಾಗಿತ್ತು. ಹೊಸ ಪ್ಯಾಂಟು ಆಗುವ ತನಕ, ಹರಿದ ಇನ್ನೊಂದಕ್ಕೆ ಮಂಡಿಯ ಬಳಿ ಪಿನ್ನು ಹಾಕಿಕೊಂಡು ಹೋದೆ. ಕೂಡಲಾಗದ ಹೊತ್ತಿನಲ್ಲಿ ನಿಂತುಕೊಂಡೇ ಬರೆದುಕೊಂಡೆ.

ಮೊದಲ ಪ್ಯಾಂಟಿನಲ್ಲಿ ಮಂಡಿಯ ಪಕ್ಕ ಸೀಳು ಬಿಟ್ಟಳು. ನಿಂತರೆ ಅದು ಬಾಯಿ ತೆರೆದು ಕಬ್ಬಿಣ ಇಣುಕುತ್ತಿತ್ತು. ಎರಡನೆಯದಕ್ಕೆ ಒಳಗಿನಿಂದ ಪಟ್ಟಿ ಕೊಟ್ಟಳು. ಬಟ್ಟೆ ದಪ್ಪವಾಗಿ ನಡೆದರೆ ತೊಡೆಗೆ ಉಜ್ಜಿತು. ಮೂರನೆಯದನ್ನು ನೆಲದ ಮೇಲೆ ಪೇಪರಿನಲ್ಲಿ ಬಿಡಿಸುತ್ತಿದ್ದಾಗ ಖಾಜಾ ಮಾಸ್ತರು ಬಂದರು. ಚಪ್ಪಲಿ ಬಿಟ್ಟು, ಪೇಪರಿನ ಪಕ್ಕ ಮಂಡಿಯೂರಿ ಕೂತರು. ‘ಯಾರು ಬಿಡಿಸಿದ್ದು?’ ಎಂದರು. ‘ನಾನೂ, ಈ ಹುಡುಗೀನೂ’ ಎಂದಳು ದೊಡ್ಡವ್ವ. ಮಾಸ್ತರು ನನ್ನ ಕಾಲು ನೋಡಿದರು. ಎಷ್ಟೋ ದಿನದಿಂದ ದಿನಾ ನೋಡಿದ್ದ ಕಾಲು, ಆದರೂ ಅವತ್ತೇ ಮೊದಲ ಸಲ ನೋಡಿದಂತಿತ್ತು. ‘ಕೂಡುವಾಗ ಕೈ ಹೆಂಗ ಹೋಗತೈತಿ, ತೋರಿಸು ಬೇಟಿ’ ಎಂದರು. ತೋರಿಸಿದೆ. ಸೀಮೆಸುಣ್ಣ ತೆಗೆದು ದೊಡ್ಡವ್ವನ ಗೆರೆಗಿಂತ ಮುಂದೆ ಇನ್ನೊಂದು ಗೆರೆ ಎಳೆದರು. ‘ಸೀಳಿನ ಬಾಯಿ ಇಲ್ಲಿಗೆ ತರ್ರಿ ಈರಮ್ಮ. ಮ್ಯಾಲಿನ ಬಟ್ಟಿ ಒಂದಿಂಚು ಹೆಚ್ಚು ಬಿಡ್ರಿ, ನಿಂತಾಗ ತಾನ ಮುಚ್ಚತೈತಿ.’ ಸೀಮೆಸುಣ್ಣ ಜೇಬಿಗೆ ಹಾಕಿ ಏಳುತ್ತಾ, ‘ನೆಲದ ಮ್ಯಾಗ ಯಾಕ ಕತ್ತರಸತೀರಿ, ನಾಳಿಂದ ಮೇಜಿಗೆ ಬರ್ರಿ’ ಎಂದರು.

ನಾಲ್ಕನೆಯ ಪ್ಯಾಂಟು ತೊಟ್ಟು ನಾನು ಶಾಲೆಗೆ ಹೋದೆ. ಮೇಷ್ಟ್ರು ಬಂದರು, ಎದ್ದು ನಿಂತೆವು. ನನ್ನ ಕೈ ಪಕ್ಕದ ಹೊಲಿಗೆಯ ಸೀಳಿನೊಳಗೆ ಇಳಿದು ಎರಡೂ ಉಂಗುರಗಳನ್ನೆತ್ತಿತು. ಎಲ್ಲರ ಜೊತೆಗೆ ಕೂತೆ. ಯಾರೂ ತಿರುಗಿ ನೋಡಲಿಲ್ಲ. ಮನೆಗೆ ಬಂದು ‘ಯಾರೂ ನೋಡಲಿಲ್ಲ ದೊಡ್ಡವ್ವ’ ಎಂದಾಗ ಅವಳು ಮುಖಕ್ಕೆ ಸೆರಗು ಹಿಡಿದು, ನೀಲಿ ಧೂಳು ಕಣ್ಣಿಗೆ ಬಿತ್ತು ಎಂದಳು.

ಸುದ್ದಿ ತಾನಾಗಿ ಹಬ್ಬಿತು. ಮೋಕ, ಕೊಳಗಲ್ಲಿನಂಥ ಸುತ್ತಲಿನ ಊರುಗಳಿಂದ ಕೈಕಾಲು ಊನವಾದವರು ಬರತೊಡಗಿದರು. ಒಬ್ಬೊಬ್ಬರ ಮೈಗೂ ಹೊಸದಾಗಿ ಯೋಚಿಸಬೇಕು, ದೊಡ್ಡವ್ವನಿಗೆ ಅದೇ ಖುಷಿ. ಐವತ್ತು ದಾಟಿದ ಮೇಲೆ, ಬೇರೆಯವರಿಗೆ ಕಲಿಸಲು ಸರ್ಟಿಫಿಕೇಟು ಬೇಕೆಂದು ಯಾರೋ ಹೇಳಿದ್ದರಿಂದ ಹೊಲಿಗೆಯ ತರಬೇತಿ ಕೇಂದ್ರಕ್ಕೆ ಸೇರಿದಳು. ನಾನು ಆಗ ಬಿ.ಎಡ್. ಓದುತ್ತಿದ್ದೆ, ಇಬ್ಬರೂ ಬೆಳಿಗ್ಗೆ ಒಟ್ಟಿಗೆ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದೆವು. ಮೊದಲ ಸಲ ಬರವಣಿಗೆಯ ಪರೀಕ್ಷೆಯಲ್ಲಿ ಫೇಲಾದಳು. ಬಟ್ಟೆಯನ್ನು ಓರೆಯಾಗಿ ಕತ್ತರಿಸುವುದು ಎಂದರೇನು ಎಂಬ ಪ್ರಶ್ನೆಗೆ, ‘ಬಟ್ಟಿ ತಂದುಕೊಟ್ಟರ ತೋರಿಸತೀನಿ’ ಎಂದಷ್ಟೇ ಬರೆದಿದ್ದಳಂತೆ. ಮುಂದಿನ ಸಲ ನಾನು ಹೇಳಿಕೊಟ್ಟೆ, ಪಾಸಾದಳು. ಅದೇ ಕೇಂದ್ರದಲ್ಲಿ ಹತ್ತು ವರ್ಷ ಹುಡುಗಿಯರಿಗೆ ಕಲಿಸಿದಳು. ಅವಳ ತರಗತಿ ಶುರುವಾಗುತ್ತಿದ್ದದ್ದು ಹಿಂದಿನ ದಿನ ಕೆಡಿಸಿದ ಬಟ್ಟೆಗಳನ್ನು ಹರವಿಕೊಂಡು. ‘ಮೊದಲ ಕೆಟ್ಟಿದ್ದು ತೋರಸ್ರಿ. ಚಲೋ ಬಂದಿದ್ದರಾಗ ಕಲಿಯಾಕ ಏನೂ ಇರಂಗಿಲ್ಲ’ ಎನ್ನುತ್ತಿದ್ದಳು.

ಖಾಜಾ ಮಾಸ್ತರು ತೀರಿಕೊಂಡರು. ಹೆಂಗಸರು ಒಬ್ಬೊಬ್ಬರಾಗಿ ದೊಡ್ಡ ಕಾರ್ಖಾನೆಗಳಿಗೆ ಹೋದರು. ಮಷೀನುಗಳು ನಿಂತವು. ನನಗೆ ಕುರುಗೋಡಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತ್ತು. ಒಂದು ಬೆಳಿಗ್ಗೆ ದೊಡ್ಡವ್ವನಿಗೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಯಿತು. ಅವಳನ್ನು ಅವಳು ಹುಟ್ಟಿದ ಊರಿಗೇ, ನನ್ನ ಮನೆಗೆ ಕರೆತಂದೆ. ಬಳ್ಳಾರಿಯ ಮನೆ ಮಾರಿದೆವು. ಈಗ ಅಲ್ಲಿ ಬೇರೆಯವರ ಮೂರು ಅಂತಸ್ತಿನ ಮನೆಯಿದೆ.

ಎರಡು ತಿಂಗಳು ಅವಳು ಮಾತೇ ಆಡಲಿಲ್ಲ. ಒಂದು ದಿನ ನಾನು ರವಿಕೆ ತೊಡಿಸುವಾಗ, ಸ್ವಾಧೀನವಿಲ್ಲದ ಬಲಗೈಯನ್ನು ತೋಳಿನೊಳಗೆ ತೂರಿಸಲಾಗದೆ ತಿಣುಕುತ್ತಿದ್ದೆ. ನಾಲಿಗೆ ತೊದಲುತ್ತಾ, ‘ಪೇಪರ್ ತಾರಲೇ’ ಎಂದಳು. ಎಡಗೈಗೆ ಕತ್ತರಿ ಒಗ್ಗಲಿಲ್ಲ. ಅದು ಬಲಗೈಯವರ ಕತ್ತರಿ, ಪೇಪರು ಮಡಚಿಕೊಳ್ಳುತ್ತಿತ್ತು. ಬಳ್ಳಾರಿಯೆಲ್ಲ ಹುಡುಕಿ ಎಡಗೈಯವರ ಕತ್ತರಿ ತಂದುಕೊಟ್ಟೆ. ದಿನಾ ಬೆಳಿಗ್ಗೆ ಪೇಪರಿನಲ್ಲಿ ಬರೀ ನೇರ ಗೆರೆ ಕತ್ತರಿಸಿದಳು, ಮೊದಲ ದಿನ ಶಾಲೆಗೆ ಬಂದ ಮಗುವಿನ ಹಾಗೆ. ಎಂಟು ತಿಂಗಳ ಮೇಲೆ ತನಗೊಂದು ರವಿಕೆ ಕತ್ತರಿಸಿ, ಎಡಗೈಯಲ್ಲೇ ಹೊಲಿದಳು. ಬಲಗಡೆಯ ಭುಜದಿಂದ ತೋಳಿನುದ್ದಕ್ಕೂ, ಕಂಕುಳಿನಿಂದ ಸೊಂಟದವರೆಗೂ ಬಿಚ್ಚಿಕೊಳ್ಳುತ್ತಿತ್ತು, ಮೈಗೆ ಒತ್ತಿದರೆ ಕೂಡುವ ಟಿಚ್ ಬಟನ್‌ಗಳು. ಹೊಲಿಗೆ ಸೊಟ್ಟ. ಅದನ್ನು ನನ್ನ ಸಹಾಯವಿಲ್ಲದೆ ತೊಟ್ಟುಕೊಂಡು, ‘ನೋಡಿದ್ಯಾ’ ಎಂದಳು. ನನ್ನ ಕೈ ಹಿಡಿದು ಒಂದೊಂದು ಬಟನ್ನನ್ನೂ ಒತ್ತಿಸಿ ತೋರಿಸಿದಳು.

ಆ ರವಿಕೆಯನ್ನು ಒಂದು ವರ್ಷ ತೊಟ್ಟಳು. ಅವಳು ಹೋದ ದಿನ ಓಣಿಯ ಹೆಂಗಸರು ಮೈ ತೊಳೆಸಿ ಹೊಸ ಸೀರೆ ತಂದರು. ನಾನು ಆ ರವಿಕೆ ತಂದುಕೊಟ್ಟೆ. ‘ಇದು ಸೊಟ್ಟ ಐತಲ್ಲ ಟೀಚರ, ಬ್ಯಾರೆ ರವಿಕಿ ಕೊಡ್ರಿ’ ಎಂದರು. ‘ಇದನ್ನ ಹಾಕ್ರಿ’ ಎಂದೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ‘ಇದನ್ನ ಹೆಂಗ ಹಾಕೋದು, ತಿಳಿವಲ್ದು’ ಎಂದಳು ಒಬ್ಬಳು. ನಾನು ಉಂಗುರ ಎತ್ತಿ ದೊಡ್ಡವ್ವನ ಪಕ್ಕ ಕೂತೆ. ಮೊದಲು ಬಲದೋಳು, ಆಮೇಲೆ ಭುಜ, ಆಮೇಲೆ ಪಕ್ಕೆ. ಒಂದೇ ಕೈಯಲ್ಲಿ, ಅವಳು ಕಲಿಸಿದ ಹಾಗೆ, ಒಂದೊಂದಾಗಿ ಒತ್ತಿದೆ.