ಕ್ರಿಸೆಲ್ ತಿರುಗಿಸದ ತಟ್ಟೆ

ನಮ್ಮ ಬಟಂಗಾಸ್ ತೀರದಿಂದ ಹೊರಟು ಸುಖವಾಗಿ ಊರು ಸೇರಿದ ದೋಣಿ, ಬಸ್ಸು, ವಿಮಾನಗಳೆಲ್ಲ ತಮ್ಮ ಕ್ಷೇಮಕ್ಕೆ ಎಂಟು ವರ್ಷದ ಕ್ರಿಸೆಲ್‌ಗೆ ಋಣಿ. ಊಟದ ನಡುವೆ ಯಾರಾದರೂ ಹೊರಟರೆ, ಅವರ ದಾರಿ ಸುಖವಾಗಿರಲೆಂದು ಉಳಿದವರು ತಮ್ಮ ತಟ್ಟೆಯನ್ನು ಇದ್ದಲ್ಲೇ ಒಂದು ಸುತ್ತು ತಿರುಗಿಸುವುದು ನಮ್ಮ ರೂಢಿ; ಎಲ್ಲರ ತಟ್ಟೆ ತಿರುಗುವ ತನಕ ಹೊರಟವರು ಹೊಸಿಲು ದಾಟುವುದಿಲ್ಲ. ನಾವು ಮನೆಯವರಿಗೆ, ಹೆಚ್ಚೆಂದರೆ ನೆರೆಯವರಿಗೆ ತಿರುಗಿಸುತ್ತೇವೆ. ಈ ಮಹಾತಾಯಿ ಮೀನು ಮಾರುವವಳಿಗೂ ತಿರುಗಿಸುತ್ತಿದ್ದಳು. ಶಾಲೆಯಲ್ಲಿ ಬುತ್ತಿ ಬಿಚ್ಚಿದ್ದಾಗ ಬಚ್ಚಲಿಗೆ ಎದ್ದ ಟೀಚರಿಗೂ ತಿರುಗಿಸುತ್ತಿದ್ದಳು. ಟೀಚರ್ ಒಮ್ಮೆಯೂ ದಾರಿಯಲ್ಲಿ ಅಪಾಯಕ್ಕೆ ಸಿಕ್ಕಲಿಲ್ಲ.

ಕ್ರಿಸೆಲ್‌ಳ ಅಪ್ಪ ಹಡಗಿನ ಕೆಲಸಕ್ಕೆ ಹೋದವನು ಫೋನ್ ಮಾಡುವುದನ್ನೂ ಬಿಟ್ಟಿದ್ದ. ಆಮೇಲೆ ಅಮ್ಮ ಜೋವೆಲಿನ್ ಬೇರೆಯವರ ಮಕ್ಕಳನ್ನು ನೋಡಿಕೊಳ್ಳಲು ಹಾಂಗ್‌ಕಾಂಗ್‌ಗೆ ಹೊರಟಳು. ಅಳು ತಪ್ಪಿಸೋಣವೆಂದು, ಮಗಳು ಶಾಲೆಯಲ್ಲಿದ್ದಾಗ. ಅಂದಿನಿಂದ ಶಾಲೆಯ ಗೇಟು ಕಂಡರೆ ಕ್ರಿಸೆಲ್‌ಗೆ ಹೊಟ್ಟೆನೋವು. ಡಾಕ್ಟರಿಗೆ ಹೊಟ್ಟೆಯಲ್ಲಿ ಏನೂ ಸಿಗಲಿಲ್ಲ. ಸಂಜೆ ಓಡಿಬಂದು ಅಜ್ಜಿ ಲೋಲಾ ಪಾಸಿಂಗ್‌ಳನ್ನು ಮುಟ್ಟಿ ನೋಡುವಳು.

"ಇಲ್ಲೇ ಇದ್ದೀನಿ ಕಣೇ! ಈ ಮಂಡಿ ಕಟ್ಕೊಂಡು ಎಲ್ಲಿಗೆ ಓಡಿಹೋಗ್ಲಿ?"

ಕಳೆದ ಬೇಸಿಗೆ ರಜೆಗೆ ಬಂದಿದ್ದ ಜೋವೆಲಿನ್, ಈ ಸಲ ಮೋಸ ಬೇಡವೆಂದು ಮಗಳ ಎದುರೇ ಹೊರಟು ನಿಂತಳು. ಪಕ್ಕದ ಮನೆಯ ನಾನು ನನ್ನ ಟ್ರೈಸಿಕಲ್ ಆಟೋಗೆ ಅವಳ ಪೆಟ್ಟಿಗೆ ಏರಿಸಿ, ಬೆಳ್ಳುಳ್ಳಿ ಅನ್ನದ ವಾಸನೆ ಹಿಡಿದು ಒಳಗೆ ಬಂದು ಅವರೊಂದಿಗೆ ಊಟಕ್ಕೆ ಕೂತಿದ್ದೆ. ಲೋಲಾ ತನ್ನ ತಟ್ಟೆ ತಿರುಗಿಸಿದಳು. ನಾನೂ ತಿರುಗಿಸಿದೆ. ಕ್ರಿಸೆಲ್ ಮಾತ್ರ ತಟ್ಟೆಯನ್ನು ಎಡಗೈಯಲ್ಲಿ, ಕೋಟೆ ಕಾಯುವ ಸೇನಾಪತಿಯಂತೆ, ಬಿಗಿಯಾಗಿ ಹಿಡಿದಳು.

"ತಿರುಗಿಸು ರಾಣಿ, ಬಸ್ ತಪ್ಪತ್ತೆ," ಎಂದಳು ಜೋವೆಲಿನ್.

ಕ್ರಿಸೆಲ್ ಒಂದು ಅಗುಳು ಬಾಯಿಗಿಟ್ಟಳು.

"ಊರಿಗೆಲ್ಲ ತಿರುಗಿಸ್ತೀಯ, ಹೆತ್ತವಳಿಗೆ ಕೈ ಬರಲ್ವಾ?" ಲೋಲಾ ಗದರಿದಳು.

ಇನ್ನೊಂದು ಅಗುಳು.

"ಅವಳ ತಟ್ಟೆ ನಾನೇ ತಿರುಗಿಸಿಬಿಡ್ಲಾ?" ಎಂದೆ. ಆ ಹುಡುಗಿ ನೋಡಿದ ನೋಟಕ್ಕೆ ನನ್ನ ಕೈ ತಾನಾಗಿಯೇ ಒಣಮೀನಿನತ್ತ ಸರಿಯಿತು.

ಜೋವೆಲಿನ್ ಬಾಗಿಲವರೆಗೆ ಹೋದಳು. ಹೊಸಿಲು ದಾಟಲು ಕಾಲೇಳಲಿಲ್ಲ. ಹಾಂಗ್‌ಕಾಂಗಿನ ಗಗನಚುಂಬಿಗಳೆಲ್ಲ ಕ್ರಿಸೆಲ್‌ಳ ಪುಟ್ಟ ಮಣಿಕಟ್ಟಿನ ಅಪ್ಪಣೆಗೆ ಕಾದು ನಿಂತವು. ಕೊನೆಗೆ ಜೋವೆಲಿನ್ ವಾಪಸು ಬಂದು, ಚೀಲ ಇಳಿಸಿ, ಮಗಳ ಪಕ್ಕ ಮಂಡಿಯೂರಿದಳು.

"ನನ್ ಮೇಲೆ ಕೋಪಾನಾ ಪುಟ್ಟಿ? ಅಮ್ಮ ಸುಖವಾಗಿ ಹೋಗೋದು ಬೇಡ್ವಾ?"

ಕ್ರಿಸೆಲ್ ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದು ನುಂಗಿದಳು. ತಟ್ಟೆಯಿಂದ ಕಣ್ಣೆತ್ತದೆ ಹೇಳಿದಳು:

"ನಾನಿನ್ನೂ ಉಣ್ತಾ ಇದ್ದೀನಿ."