ಹೊಸ್ತಿಲ ಆಚೆ ಇಟ್ಟ ಶೂ

ನಿಮ್ಮ ತಾತ ತೀರಿಹೋದ ವರ್ಷ ನಿಮ್ಮಮ್ಮ ಏಳನೇ ತರಗತಿಯಲ್ಲಿದ್ದಳು. ತೋಟದಲ್ಲಿ ನೆರಳಿಗೆ ಬೆಳೆಸಿದ್ದ ಸಿಲ್ವರ್ ಮರಕ್ಕೆ ಹಬ್ಬಿದ್ದ ಮೆಣಸು ಕೊಯ್ಯಲು ಏಣಿ ಹತ್ತಿದವರು ಏಣಿ ಸಮೇತ ಕೆಳಗೆ ಬಿದ್ದರು. ಸಕಲೇಶಪುರದ ಆಸ್ಪತ್ರೆಯಲ್ಲಿ ಎರಡು ದಿನ ಇದ್ದರು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಈಗಲೂ ಆಗುವುದಿಲ್ಲ ಮಕ್ಕಳೇ. ನಾನು ಬರೆಯಲು ಕೂತದ್ದು ಆ ವರ್ಷ ನಿಮ್ಮಮ್ಮನಿಗೆ ತಂದ ಒಂದು ಜೊತೆ ಶೂ ವಿಚಾರ.

ವನಗೂರಿನ ಕಡೆ ನಮಗಿದ್ದದ್ದು ಎರಡು ಎಕರೆ ಕಾಫಿ. ಮನೆಯಲ್ಲಿ ಉಳಿದವರು ನಾವು ಮೂರು ಜನ ಹೆಂಗಸರು: ನಮ್ಮತ್ತೆ, ನಾನು, ನಿಮ್ಮಮ್ಮ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬ ಮಾಡುವುದಿಲ್ಲ, ಹೊಸದನ್ನು ತರುವುದಿಲ್ಲ. ಬಟ್ಟೆ ಇರಲಿ, ಒಂದು ಹೊಸ ಸೌಟನ್ನೂ ತರುವ ಹಾಗಿಲ್ಲ. ಅತ್ತೆ ಇದನ್ನು ಬಹಳ ಕಟ್ಟುನಿಟ್ಟಾಗಿ ನಡೆಸುತ್ತಿದ್ದರು. ಹೋದವನು ಅವರ ಮಗ. ಅವನಿಗಾಗಿ ಮಾಡಲು ಅವರಿಗೆ ಉಳಿದಿದ್ದದ್ದು ಅದೊಂದೇ ಎಂದು ನನಗೂ ಗೊತ್ತಿತ್ತು. ಹಾಗಾಗಿ ನಾನು ಎದುರು ಮಾತಾಡುತ್ತಿರಲಿಲ್ಲ. ಮೊದಲೇ ನನಗೆ ಮಾತು ಕಡಿಮೆ. ನಿಮ್ಮ ತಾತ ಹೋದ ಮೇಲೆ ಇನ್ನೂ ಕಡಿಮೆಯಾಗಿತ್ತು.

ಮಳೆಗಾಲ ಮುಗಿಯುತ್ತಾ ಬಂದಾಗ ಸ್ಕೂಲಿನ ಪಿ.ಟಿ. ಮೇಷ್ಟ್ರು ಒಂದು ಸಂಜೆ ಮನೆಗೆ ಬಂದರು. ಜಗಲಿ ಹತ್ತಲಿಲ್ಲ, ಅಂಗಳದಲ್ಲೇ ನಿಂತರು. ನಾನು ಬಾಗಿಲ ಹಿಂದೆ ನಿಂತಿದ್ದೆ.

“ಅಜ್ಜಿ, ನಿಮ್ ಮೊಮ್ಮಗ್ಳು ಓಟದಲ್ಲಿ ತಾಲ್ಲೂಕಿಗೇ ಫಸ್ಟ್ ಬಂದವ್ಳೆ ಕಣ್ರೀ. ಅದೂ ಬರಿಗಾಲಲ್ಲಿ! ಇನ್ನು ಹಾಸನಕ್ಕೆ ಕರ್ಕೊಂಡು ಹೋಗ್ಬೇಕು.”

“ಹೋಗ್ಲಿ ಬುಡಿ ಮೇಷ್ಟ್ರೆ. ದನ ಅಟ್ಟಕ್ಕೆ ಓಡು ಅಂದ್ರೆ ಕಾಲು ನೋವು ಅಂತಾಳೆ, ನಿಮ್ಮ ಪೀಪಿ ಊದುದ್ರೆ ಓಡ್ತಾಳಲ್ಲ” ಎಂದರು ಅತ್ತೆ. ಖುಷಿಯಾದಾಗ ಅವರು ಹಾಗೇ ಮಾತಾಡುವುದು.

“ಅಲ್ಲಿ ಪ್ಯಾಟೆ ಮಕ್ಳೆಲ್ಲ ಮೊಳೆ ಶೂ ಹಾಕ್ಕೊಂಡು ಬರ್ತಾವೆ. ಗುಂಪಲ್ಲಿ ಓಡೋವಾಗ ಒಂದ್ಸಲ ತುಳುದ್ರೆ ಮಗಿನ ಪಾದದ ಗತಿ ಏನು? ಒಂದು ಶೂ ಕೊಡ್ಸಿ. ಸುಮಾರಿನದು ಬ್ಯಾಡ, ಗಟ್ಟಿಯಾಗಿರೋದು.”

ಅತ್ತೆಯ ಮುಖ ಬದಲಾಯಿತು. “ವರ್ಷ ತುಂಬೋಗಂಟ ಈ ಮನೇಗೆ ಹೊಸಾದು ಬರಂಗಿಲ್ಲ ಮೇಷ್ಟ್ರೆ. ನಿಮಗೆ ಗೊತ್ತಿಲ್ದೇ ಇರೋದಾ?”

ಮೇಷ್ಟ್ರು ಮತ್ತೆ ಒತ್ತಾಯಿಸಲಿಲ್ಲ. ನಿಮ್ಮಮ್ಮ ಜಗಲಿಯ ಮೂಲೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಅತ್ತಿದ್ದರೆ, ಹಟ ಮಾಡಿದ್ದರೆ ನಾನು ಗದರಿಸಿ ಸುಮ್ಮನಾಗುತ್ತಿದ್ದೆನೋ ಏನೋ. ಅವಳು ಏನೂ ಕೇಳಲಿಲ್ಲ. ಅಪ್ಪ ಹೋದ ಮೇಲೆ ಅವಳು ಏನನ್ನೂ ಕೇಳುವುದನ್ನು ಬಿಟ್ಟಿದ್ದಾಳೆ ಎನ್ನುವುದು ನನಗೆ ಹೊಳೆದದ್ದೇ ಆ ಸಂಜೆ. ಮಾರನೇ ದಿನ ಅವಳು ಏಳುವ ಮೊದಲು ಪೊರಕೆಯ ಕಡ್ಡಿಯೊಂದನ್ನು ಅವಳ ಪಾದಕ್ಕೆ ಹಿಡಿದು, ಅಳತೆಗೆ ಸರಿಯಾಗಿ ಮುರಿದು, ಸೆರಗಿನಲ್ಲಿ ಕಟ್ಟಿಕೊಂಡೆ. ತರುತ್ತೇನೆ ಎಂದು ನಿರ್ಧಾರವೇನೂ ಮಾಡಿರಲಿಲ್ಲ. ಅಳತೆ ಇರಲಿ ಅನಿಸಿತು, ಅಷ್ಟೇ.

ಪಿತೃಪಕ್ಷ ಬಂತು. ಅಮಾವಾಸ್ಯೆ ದಿನ ಹಿರಿಯರಿಗೆ ಎಡೆ ಇಡುತ್ತೇವಲ್ಲ, ನಮ್ಮ ಮನೆತನದಲ್ಲಿ ಹೊಸದಾಗಿ ಹೋದವರಿಗೆ ಎಡೆಯ ಮುಂದೆ ಹೊಸ ಪಂಚೆ, ಅಂಗಿ, ಟವೆಲ್ಲು ಇಡಬೇಕು. ಆಮೇಲೆ ಅವನ್ನು ಮನೆಯವರು ಉಡಬಹುದು. ಆ ವರ್ಷ ಮನೆಗೆ ಬರಬಹುದಾಗಿದ್ದ ಹೊಸದು ಅದೊಂದೇ. ಇದ್ದವರಿಗೆ ಬರುವಂತಿಲ್ಲ, ಹೋದವರಿಗೆ ಬರಬಹುದು. ಪ್ರತಿಸಲ ಪೇಟೆಗೆ ಹೋಗಿ ತರುತ್ತಿದ್ದವರು ಮೇಲಿನ ಮನೆಯ ನಮ್ಮ ಭಾವ, ನಿಮ್ಮ ತಾತನ ಅಣ್ಣ. ಅವರಿಗೆ ಜ್ವರ ಬಂದಿತ್ತು. “ನೀನೇ ಹೋಗ್ಬುಟ್ಟು ಬಾ. ನನ್ ಮಗನಿಗೆ ಒರಟು ಪಂಚೆ ತರಬ್ಯಾಡ” ಎಂದು ಅತ್ತೆ ದುಡ್ಡು ಕೊಟ್ಟರು.

ಹೊರಡುವಾಗ ನಾನು ನನ್ನ ದುಡ್ಡನ್ನೂ ತೆಗೆದುಕೊಂಡೆ. ಮೆಣಸು ಕೊಯ್ದ ಮೇಲೆ ನೆಲಕ್ಕೆ ಉದುರಿದ ಕಾಳನ್ನು ಆರಿಸಿ ಮಾರಿದರೆ ಅದು ಹೆಂಗಸರದ್ದು. ಗಂಡಸರು ಅದರ ಲೆಕ್ಕ ಕೇಳುವುದಿಲ್ಲ. ಆ ವರ್ಷದ ಉದುರು ಕಾಳಿನಲ್ಲಿ, ನಿಮ್ಮ ತಾತ ಬಿದ್ದ ಮರದ ಬುಡದಲ್ಲಿ ಚೆಲ್ಲಿದ್ದದ್ದೂ ಸೇರಿತ್ತು. ಒಂದೊಂದೇ ಕಾಳು ಆರಿಸಿದ್ದೆ. ಆ ದುಡ್ಡನ್ನು ಯಾವುದಕ್ಕೂ ಮುರಿಯಲು ಮನಸ್ಸು ಬಂದಿರಲಿಲ್ಲ.

ಜೀಪಿನಲ್ಲಿ ಹೆಂಗಸರು ಸರಿದು ಜಾಗ ಕೊಟ್ಟರು. ಯಾರೂ ಹೆಚ್ಚು ಮಾತಾಡಿಸಲಿಲ್ಲ. ಸಕಲೇಶಪುರದಲ್ಲಿ ಪಂಚೆ, ಅಂಗಿ ತೆಗೆದುಕೊಂಡು ಆಯಿತು. ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದವಳು ಚಪ್ಪಲಿ ಅಂಗಡಿಯೊಂದರ ಮುಂದೆ ನಿಂತೆ. ಒಳಗೆ ಗಿರಾಕಿಗಳೆಲ್ಲ ಹೋಗುವವರೆಗೂ ಆಚೆಯೇ ನಿಂತಿದ್ದೆ. ಅಂಗಡಿಯ ಸಾಬರು ವಯಸ್ಸಾದವರು. ಅವರೇ ಕರೆದರು.

“ಬನ್ನಿ ತಾಯಿ, ಬಿಸಿಲಲ್ಲಿ ಯಾಕೆ ನಿಂತಿದ್ದೀರಿ? ಯಾರಿಗೆ ಬೇಕು?”

ನಾನು ಸೆರಗಿನ ಗಂಟು ಬಿಚ್ಚಿ ಕಡ್ಡಿಯನ್ನು ಮುಂದಿಟ್ಟೆ. “ಮಗಳಿಗೆ. ಓಡೋದಕ್ಕೆ.”

ಅವರು ಕಡ್ಡಿ ಅಳೆದು ಎರಡು ಜೊತೆ ತಂದಿಟ್ಟರು. ಒಂದು ಬಿಳಿ ಕ್ಯಾನ್ವಾಸಿನದು, ಸ್ಕೂಲು ಮಕ್ಕಳೆಲ್ಲ ಹಾಕುವಂಥದ್ದು. ಇನ್ನೊಂದು ನೀಲಿ, ಅಡಿಭಾಗ ದಪ್ಪ ರಬ್ಬರಿನದು, ಹಿಮ್ಮಡಿಯ ಹತ್ತಿರ ಗಟ್ಟಿಯಾಗಿ ಹೊಲಿದದ್ದು. ಅದರ ಬೆಲೆ ಮೊದಲನೆಯದರ ನಾಲ್ಕರಷ್ಟು. ಕೇಳಿ ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

“ಇದು ಒಂದು ಮಳೆಗಾಲಕ್ಕಾಯ್ತು ತಾಯಿ” ಎಂದು ಸಾಬರು ಕ್ಯಾನ್ವಾಸನ್ನು ತೋರಿಸಿದರು. “ಅದು ಮಗು ಕಾಲು ಬೆಳೆಯೋ ತನಕ. ಎರಡೂ ನನ್ನ ಅಂಗಡೀದೇ. ನಾನು ಯಾವುದನ್ನೂ ತಗೊಳ್ಳಿ ಅನ್ನಲ್ಲ.”

ಬಹಳ ಹೊತ್ತು ಎರಡನ್ನೂ ನೋಡುತ್ತಾ ಕೂತೆ. ಕ್ಯಾನ್ವಾಸಿನದು ಸಾಕು, ಇದ್ದಕ್ಕಿದ್ದ ಹಾಗೆ ದುಬಾರಿ ಸಾಮಾನು ತಂದರೆ ಊರು ಏನೆನ್ನುತ್ತದೆ, ಗಂಡ ಸತ್ತು ಏಳು ತಿಂಗಳಾಗಿಲ್ಲ ಎನ್ನುತ್ತದೆ, ಎಂದು ಒಂದು ಮನಸ್ಸು. ನನ್ನ ಕಂಕುಳಲ್ಲಿದ್ದ ಪಂಚೆ ಬಟ್ಟೆ ಅಂಗಡಿಯಲ್ಲಿದ್ದುದರಲ್ಲೇ ಒಳ್ಳೆಯದು. ಅದನ್ನು ಕೊಳ್ಳುವಾಗ ನಾನು ಒಂದು ಕ್ಷಣವೂ ಯೋಚಿಸಿರಲಿಲ್ಲ. ಇನ್ನು ಉಡಲಾರದವರಿಗೆ ಒಳ್ಳೆಯದು, ಓಡುವ ಮಗುವಿಗೆ ಸುಮಾರಿನದು ಎಂದಾಗ ನನಗೇ ನಾಚಿಕೆಯಾಯಿತು. ನೀಲಿಯದನ್ನು ಮುಂದಕ್ಕೆ ತಳ್ಳಿದೆ. ಉದುರು ಕಾಳಿನ ದುಡ್ಡು ಅದಕ್ಕೇ ಸರಿಹೋಯಿತು.

ಊರಿಗೆ ಬರುವಷ್ಟರಲ್ಲಿ ಧೈರ್ಯವೆಲ್ಲ ಇಳಿದುಹೋಗಿತ್ತು. ಪಂಚೆಯ ಕಟ್ಟನ್ನು ಅತ್ತೆಗೆ ಕೊಟ್ಟೆ. ಶೂ ಡಬ್ಬಿಯನ್ನು ಮನೆಯೊಳಗೆ ತರದೆ, ಅಂಗಳದಾಚೆಯ ಕಾಫಿ ಸ್ಟೋರಿನಲ್ಲಿ ಖಾಲಿ ಚೀಲಗಳ ಕೆಳಗೆ ಇಟ್ಟೆ. ಮಗಳಿಗೂ ಹೇಳಲಿಲ್ಲ. ಅತ್ತೆಗೆ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ಎಂಟು ದಿನ ಕಳೆಯಿತು. ದಿನಾ ಬೆಳಿಗ್ಗೆ ನಿಮ್ಮಮ್ಮ ಬರಿಗಾಲಲ್ಲಿ ಎಸ್ಟೇಟ್ ರಸ್ತೆಯ ಏರಿನಲ್ಲಿ ಓಡಿ ಬರುವುದನ್ನು ನೋಡುತ್ತಿದ್ದೆ.

ಅಮಾವಾಸ್ಯೆಯ ಹಿಂದಿನ ದಿನ ಅತ್ತೆ ಬಾಳೆಲೆ ಕಟ್ಟಿಡಲು ಚೀಲ ತರಲೆಂದು ಸ್ಟೋರಿಗೆ ಹೋದರು. ನಾನು ಒಲೆಯ ಮುಂದಿದ್ದೆ. ಅವರು ತಿರುಗಿ ಬರುವುದು ತಡವಾದಾಗಲೇ ನನಗೆ ಗೊತ್ತಾಯಿತು. ಬಂದವರು ಒಲೆಯ ಪಕ್ಕ ಕೂತರು.

“ಎಷ್ಟು ದಿವ್ಸ ಆಯ್ತು ತಂದು?”

“ಪಂಚೆ ತಂದ ದಿವ್ಸವೇ.”

“ಯಾವ ದುಡ್ಡು?”

“ಉದುರು ಕಾಳಿಂದು.”

ಬೈಯುತ್ತಾರೆ ಎಂದು ಕಾದೆ. ಅವರು ಬೆಂಕಿ ನೋಡುತ್ತಾ ಕೂತಿದ್ದು ಎದ್ದು ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಮರುದಿನ ಭಾವನ ಮನೆಯವರೆಲ್ಲ ಬಂದರು. ನಡುಮನೆಯಲ್ಲಿ ಎಡೆ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿದೆವು. ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಎಲ್ಲರೂ ಆಚೆ ಬಂದು ನಿಲ್ಲುವುದು ನಮ್ಮ ಪದ್ಧತಿ. ಆಗ ಅತ್ತೆ ಸ್ಟೋರಿನ ಕಡೆ ಹೋಗಿ ಡಬ್ಬಿ ತಂದರು. ಶೂಗಳನ್ನು ಹೊರತೆಗೆದು, ತಮ್ಮ ಸೆರಗಿನಿಂದ ಒರೆಸಿ, ಹೊಸ್ತಿಲ ಆಚೆ, ಎಡಗಡೆಗೆ ಜೋಡಿಸಿಟ್ಟರು. ನಿಮ್ಮ ತಾತ ತೋಟದಿಂದ ಬಂದವರು ಚಪ್ಪಲಿ ಬಿಡುತ್ತಿದ್ದ ಜಾಗ ಅದು.

ನನ್ನ ಓರಗಿತ್ತಿಗೆ, ಅಂದರೆ ಭಾವನ ಹೆಂಡತಿಗೆ, ಸುಮ್ಮನಿರಲಾಗಲಿಲ್ಲ. “ಇದೇನತ್ತೆ, ಮೆಟ್ಟಿಗೂ ಎಡೆ ಇಡ್ತೀರಾ?”

“ಮೆಟ್ಟು ಒಳಗಿಟ್ಟಿದ್ದೀನೇನೆ? ಹೊಸ್ಲಿಂದ ಆಚೆ ಐತೆ. ಕಣ್ಣು ಕಾಣಲ್ವಾ?” ಎಂದರು ಅತ್ತೆ. ಆಮೇಲೆ ದನಿ ತಗ್ಗಿಸಿ, ಯಾರ ಮುಖವನ್ನೂ ನೋಡದೆ, “ಉಣ್ಣಕ್ಕೆ ಬಂದೋನು ಕಾಲಲ್ಲಿದ್ದಿದ್ನ ಬಾಗ್ಲಲ್ಲಿ ಬಿಟ್ಟು ಒಳಕ್ಕೆ ಬರ್ತಾನೆ. ಹೋಗೋವಾಗ ಮಗ್ಳಿಗೆ ಬಿಟ್ಟೋಗ್ಲಿ” ಎಂದರು.

ಮುಚ್ಚಿದ ಬಾಗಿಲ ಮುಂದೆ ನಾವೆಲ್ಲ ನಿಂತಿದ್ದೆವು. ನಿಮ್ಮಮ್ಮ ಶೂಗಳನ್ನು ನೋಡಿದವಳು ನನ್ನ ಕಡೆ ನೋಡಿದಳು, ಮತ್ತೆ ಶೂಗಳನ್ನೇ ನೋಡಿದಳು. ಹತ್ತಿರ ಹೋಗಲಿಲ್ಲ, ಮುಟ್ಟಲಿಲ್ಲ. ಬಾಗಿಲು ತೆಗೆದು, ಕಾಗೆಗೆ ಇಟ್ಟು, ಎಲ್ಲರ ಊಟ ಮುಗಿದ ಮೇಲೆ ಅತ್ತೆಯೇ ಅವನ್ನು ಎತ್ತಿ ಅವಳ ಕೈಗೆ ಕೊಟ್ಟರು. ಅವಳು ಕಣ್ಣಿಗೊತ್ತಿಕೊಂಡಳು. ಶೂವನ್ನು ಕಣ್ಣಿಗೊತ್ತಿಕೊಂಡವರನ್ನು ನಾನು ನೋಡಿದ್ದು ಅದೊಂದೇ ಸಲ. ಅವತ್ತು ಯಾರೂ ನಗಲಿಲ್ಲ, ಓರಗಿತ್ತಿಯೂ ನಗಲಿಲ್ಲ.

ಹಾಸನದ ಓಟ ಇದ್ದದ್ದು ಅಲ್ಲಿಂದ ಮೂರನೇ ದಿನಕ್ಕೆ. ಎಡೆಯ ಸಾಮಾನು ಎಂದು ಅವಳು ಅದನ್ನು ಕೆಸರು ರಸ್ತೆಯಲ್ಲಿ ಹಾಕಿ ಓಡಲೇ ಇಲ್ಲ. ಜಗಲಿಯ ಮೇಲೆ ಹಾಕಿಕೊಂಡು ಒಂದೆರಡು ಸಲ ಓಡಾಡಿ ಬಿಚ್ಚಿಟ್ಟಳು. ಬೆಳಗಿನ ಬಸ್ಸಿಗೆ ಮೇಷ್ಟ್ರ ಜೊತೆ ಹೋದಳು. ನಾನು ಹೋಗಲಿಲ್ಲ. ಅಷ್ಟು ಜನರ ನಡುವೆ ಹೋಗಿ ನಿಲ್ಲುವ ಧೈರ್ಯ ನನಗಿರಲಿಲ್ಲ.

ಸಂಜೆ ಅವಳು ಕುಂಟುತ್ತಾ ಬಂದಳು. ಶೂಗಳನ್ನು ಲೇಸಿನಿಂದ ಒಂದಕ್ಕೊಂದು ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ಹಿಂದೆಯೇ ಮೇಷ್ಟ್ರು.

“ಐದನೇ ಜಾಗ ಅಜ್ಜಿ. ಕೊನೇ ಸುತ್ತಿನ ತನಕ ಮುಂದೆ ಇದ್ಲು. ಆಮೇಲೆ ಕುಂಟಕ್ಕೆ ಶುರು ಮಾಡುದ್ಲು. ಬಿಚ್ಚಾಕಮ್ಮ, ಬಿಚ್ಚಾಕಮ್ಮ ಅಂತ ಗಂಟ್ಲು ಹರಿಯಂಗೆ ಕೂಗ್ದೆ. ಕೇಳ್ಬೇಕಲ್ಲ!” ಮೇಷ್ಟ್ರು ನನ್ನ ಕಡೆ ತಿರುಗಿದರು. “ಅಲ್ಲಮ್ಮ, ಕಾಲುಚೀಲ ಇಲ್ದೆ ಹೊಸ ಶೂ ಹಾಕ್ಸಿ ಕಳ್ಸಿದ್ದೀರಲ್ಲ. ನಾನೂ ನೋಡ್ಲಿಲ್ಲ, ನಂದೂ ತಪ್ಪೇ.”

ಅಂಗಡಿಯ ಸಾಬರು ಕಾಲುಚೀಲ ಬೇಡವೇ ಎಂದು ಕೇಳಿದ್ದರು. ಕೈಯಲ್ಲಿ ಬಸ್ಸಿನ ದುಡ್ಡು ಬಿಟ್ಟರೆ ಏನೂ ಉಳಿದಿರಲಿಲ್ಲ. ದುಡ್ಡಿಲ್ಲ ಎನ್ನಲು ನಾಚಿಕೆಯಾಗಿ, ಮನೆಯಲ್ಲಿದೆ ಎಂದುಬಿಟ್ಟಿದ್ದೆ. ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಶೂ ಹಾಕಿದವರಲ್ಲ. ಕಾಲುಚೀಲ ಬರೀ ಅಂದಕ್ಕೆ ಎಂದೇ ತಿಳಿದಿದ್ದೆ.

ಅತ್ತೆ ಅವಳ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಎರಡೂ ಹಿಮ್ಮಡಿ ಸುಲಿದು ರಕ್ತ ಕಪ್ಪಾಗಿ ಅಂಟಿತ್ತು. ಬಿಸಿನೀರಲ್ಲಿ ಒರೆಸಿ, ಕೊಬ್ಬರಿ ಎಣ್ಣೆಯಲ್ಲಿ ಅರಿಸಿನ ಕಲಸಿ ಹಚ್ಚಿದರು.

“ಮೇಷ್ಟ್ರು ಅಷ್ಟು ಹೇಳುದ್ರೂ ಯಾಕೆ ಬಿಚ್ಚಲಿಲ್ವೇ? ಬರಿಗಾಲಲ್ಲಿ ಓಡೋಳೇ ಅಲ್ವಾ ನೀನು?” ಎಂದು ನಾನು ಕೇಳಿದೆ.

“ನೀನು ತಂದಿದ್ದು ಅಂತ ನಂಗೊತ್ತವ್ವ” ಎಂದಳು. “ಆದ್ರೆ ಅಪ್ಪನ ಎಡೇದಲ್ವಾ? ಎಡೇದನ್ನ ದಾರೀಲಿ ಬಿಚ್ಚಾಕ್ತಾರಾ?”

ಅತ್ತೆಯ ಕೈ ನಿಂತಿತು. “ನಾನು ಮಾಡಿದ ಕೆಲಸ” ಎಂದರು ಆಮೇಲೆ, ತಮಗೇ ಹೇಳಿಕೊಳ್ಳುವಂತೆ. “ಹಗುರವಾಗಿ ಓಡ್ಬೇಕಾದ ಮಗಿನ ಕಾಲಿಗೆ ನನ್ ಮಗನ್ನ ಕಟ್ಟಿ ಕಳ್ಸುದ್ನಲ್ಲ.”

ಮಕ್ಕಳೇ, ಆ ಶೂ ಕೊಂಡದ್ದು ಸರಿಯೋ ತಪ್ಪೋ ಎಂದು ನಾನು ಎಷ್ಟೋ ವರ್ಷ ಯೋಚಿಸಿದ್ದೇನೆ. ಕ್ಯಾನ್ವಾಸಿನದನ್ನು ತಂದು ಅವತ್ತೇ ಕೈಗೆ ಕೊಟ್ಟಿದ್ದರೆ, ನೋವಾದ ಕೂಡಲೇ ಕಿತ್ತೆಸೆದು ಓಡುತ್ತಿದ್ದಳೇನೋ, ಗೆಲ್ಲುತ್ತಿದ್ದಳೇನೋ. ನೀಲಿಯದನ್ನೇ ಎಂಟು ದಿನ ಮೊದಲು ಕೊಟ್ಟಿದ್ದರೆ ಕಾಲಿಗೆ ಪಳಗಿರುತ್ತಿತ್ತು. ಒಳ್ಳೆಯದನ್ನು ಕೊಂಡದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ. ಕೊಂಡ ಮೇಲೆ ಹೆದರಿದೆನಲ್ಲ, ಅದಕ್ಕೆ ಬೇಸರ.

ಆ ಸಂಜೆ ನಿಮ್ಮಮ್ಮ ಕಾಲನ್ನು ತನ್ನ ಅಜ್ಜಿಯ ತೊಡೆಯ ಮೇಲೆ ಬಿಟ್ಟು ಅಲ್ಲೇ ನಿದ್ದೆ ಹೋದಳು. ಅತ್ತೆ ಅವಳ ಕಾಲನ್ನು ಅಲುಗಿಸದೆ, ನನಗಷ್ಟೇ ಕೇಳುವಂತೆ ಹೇಳಿದರು:

“ಇನ್ಮೇಲೆ ಮಗೀಗೆ ಅಂತ ಏನಾರ ತಂದ್ರೆ ತಂದ ದಿವ್ಸವೇ ಕೊಟ್ಬುಡು. ವರ್ಷ ತುಂಬ್ಲಿ, ತುಂಬ್ದೆ ಇರ್ಲಿ. ನನ್ನ ಕೇಳಕ್ಕೂ ಬರಬ್ಯಾಡ.”

ನಾನು ಹೂಂ ಎಂದೆ.